ಬಿಆರ್‌ಎಸ್‌ಆರ್ ಓದುವಾಗ ಕರೆಂಟ್ ಬಿಲ್ ಪಕ್ಕದಲ್ಲಿರಲಿ

ಬಿಆರ್‌ಎಸ್‌ಆರ್ (ಪರಿಸರ, ಸಮಾಜ, ಆಡಳಿತದ ವಿಷಯದಲ್ಲಿ ಕಂಪನಿಗಳು ವರ್ಷಕ್ಕೊಮ್ಮೆ ಕೊಡುವ ವರದಿ) ಅಂದ ಕೂಡಲೇ ಎಲ್ಲರೂ ಅದರ ಒಂಬತ್ತು ತತ್ವಗಳನ್ನು ಬಾಯಿಪಾಠ ಮಾಡಲು ಕೂರುತ್ತಾರೆ. ಅದನ್ನು ಆಮೇಲೆ ಮಾಡಿದರೂ ನಡೆಯುತ್ತದೆ. ಒಂದು ಅಂಕಿ ಎಲ್ಲಿಂದ ಬಂತು ಅಂತ ಬಿಲ್ಲಿನ ತನಕ ಹೋಗಿ ನೋಡುವುದನ್ನು ಮೊದಲು ಕಲಿಯಿರಿ.

ಹಿನ್ನೆಲೆ ಇಷ್ಟೇ: ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ ಇದನ್ನು 2021ರ ಮೇ ತಿಂಗಳಲ್ಲಿ ತಂದಿತು. 2022-23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಲಿಸ್ಟೆಡ್ ಕಂಪನಿಗಳಿಗೆ ಕಡ್ಡಾಯ. ಎ ಭಾಗದಲ್ಲಿ ಕಂಪನಿಯ ಪರಿಚಯ, ಬಿ ಭಾಗದಲ್ಲಿ ನೀತಿ, ಸಿ ಭಾಗದಲ್ಲಿ ಲೆಕ್ಕ. ಬೆವರು ಇಳಿಸುವುದು ಸಿ ಭಾಗವೇ, ಅದರಲ್ಲೂ ಪರಿಸರದ ಆರನೇ ತತ್ವ.

ಒಂದು ಕಾರ್ಖಾನೆ ವರ್ಷಕ್ಕೆ 10 ಲಕ್ಷ ಯೂನಿಟ್ ಕರೆಂಟ್ ಬಳಸಿದೆ ಅನ್ನಿ. ಕೇಂದ್ರ ವಿದ್ಯುತ್ ಪ್ರಾಧಿಕಾರ 2023-24ಕ್ಕೆ ಕೊಟ್ಟ ಲೆಕ್ಕದಲ್ಲಿ ಒಂದು ಯೂನಿಟ್‌ಗೆ 0.727 ಕೆಜಿ ಕಾರ್ಬನ್ ಡೈಆಕ್ಸೈಡ್. ಗುಣಿಸಿದರೆ 727 ಟನ್. ಇದು ಸ್ಕೋಪ್ 2: ಹೊಗೆ ಬಂದಿದ್ದು ಬೇರೆಯವರ ಚಿಮಣಿಯಿಂದ, ಕರೆಂಟ್ ಬಳಸಿದ್ದು ನಾವು. ಕರೆಂಟ್ ಹೋದಾಗ ಓಡುವ ಜನರೇಟರ್‌ನ ಡೀಸೆಲ್ ಸ್ಕೋಪ್ 1, ಅದನ್ನು ಸುಟ್ಟಿದ್ದು ನಾವೇ. ಕರೆಂಟಿಗಾದರೆ ಮೀಟರ್ ಇದೆ, ಆದರೆ ಡೀಸೆಲ್‌ಗೆ ಸ್ಟೋರ್ಸ್ ಪುಸ್ತಕ ಒಂದು ಲೆಕ್ಕ ಹೇಳಿದರೆ ಅಕೌಂಟ್ಸ್‌ನ ಬಿಲ್ಲು ಇನ್ನೊಂದು ಹೇಳುತ್ತದೆ, ಎರಡನ್ನೂ ತಾಳೆ ಹಾಕುವಷ್ಟರಲ್ಲಿ ಸಾಕುಸಾಕಾಗುತ್ತದೆ. ಬೆಂಗಳೂರಿನ ಕಂಪನಿಯಾದರೆ ಟ್ಯಾಂಕರ್ ನೀರೂ ಉಂಟು. ಅದನ್ನು ಬೋರ್‌ವೆಲ್ ಸಾಲಿನಲ್ಲಿ ಬರೆಯಬೇಡಿ, ಹೊರಗಿನವರಿಂದ ಪಡೆದ ನೀರಿನ ಸಾಲು ಬೇರೆಯೇ ಇದೆ.

ಇನ್ನು ಇಂಟೆನ್ಸಿಟಿ, ಅಂದರೆ ವಹಿವಾಟಿನ ಒಂದೊಂದು ರೂಪಾಯಿಗೆ ಎಷ್ಟು ಹೊಗೆ ಅನ್ನುವ ಲೆಕ್ಕ. ಹೋದ ವರ್ಷ 100 ಕೋಟಿ ವಹಿವಾಟಿಗೆ 700 ಟನ್, ಈ ವರ್ಷ 120 ಕೋಟಿಗೆ 727 ಟನ್ ಅಂದುಕೊಳ್ಳಿ. ಕೋಟಿಗೆ 7 ಟನ್ ಇದ್ದದ್ದು ಸುಮಾರು 6ಕ್ಕೆ ಇಳಿಯಿತು. ಹೊಗೆ ಕಡಿಮೆಯಾಯ್ತಾ? ಇಲ್ಲ, ಜಾಸ್ತಿಯೇ ಆಗಿದೆ. ಬರೀ ಸರಕಿನ ಬೆಲೆ ಏರಿಸಿದರೂ ಈ ಅಂಕಿ ಚೆಂದ ಕಾಣುತ್ತದೆ, ಹಾಗಾಗಿ ವರದಿ ಕೈಗೆ ಸಿಕ್ಕರೆ ನಾನು ಮೊದಲು ಒಟ್ಟು ಟನ್ ನೋಡುತ್ತೇನೆ.

2023ರ ಜುಲೈನಲ್ಲಿ ಬಿಆರ್‌ಎಸ್‌ಆರ್ ಕೋರ್ ಬಂತು. ಆಯ್ದ ಒಂಬತ್ತು ವಿಷಯಗಳ ಅಂಕಿಗಳನ್ನು ಹೊರಗಿನವರು ಪರಿಶೀಲಿಸಬೇಕು. 2023-24ಕ್ಕೆ ಮೊದಲ 150 ಕಂಪನಿಗಳಿಂದ ಶುರುವಾಗಿ, 2026-27ಕ್ಕೆ 1000ಕ್ಕೂ ಅನ್ವಯಿಸುವ ಹಾಗೆ ಹಂತ ಹಾಕಿದ್ದಾರೆ. ಪರಿಶೀಲಕರು ಬಂದಾಗ ಎಕ್ಸೆಲ್ ಶೀಟ್ ತೋರಿಸಿದರೆ ಸಾಲದು, ಆ ಅಂಕಿಗಳ ಹಿಂದಿರುವ ಬಿಲ್, ಲಾಗ್‌ಬುಕ್ ಎಲ್ಲ ಕೇಳುತ್ತಾರೆ.