ಹತ್ತು ಗಿಡ ನೆಟ್ಟರೆ ಕಾಡಿನ ಲೆಕ್ಕ ಚುಕ್ತಾ ಆಗುತ್ತಾ?

ಪ್ರಶ್ನೆ: ರಸ್ತೆಗೋ ಅಣೆಕಟ್ಟಿಗೋ ಕಾಡು ಬಿಟ್ಟುಕೊಟ್ಟರೆ ಸರ್ಕಾರಕ್ಕೆ ದುಡ್ಡು ಕಟ್ಟುತ್ತಾರೆ. ಒಂದು ಮರಕ್ಕೆ ಹತ್ತು ಗಿಡ ನೆಡುತ್ತಾರೆ. ಅಲ್ಲಿಗೆ ಪ್ರಕೃತಿಯ ನಷ್ಟವೂ ಲೆಕ್ಕಕ್ಕೆ ಬಂದ ಹಾಗಾಯಿತು ಅಲ್ವಾ?

ಇಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ನನಗೇ ನೆನಪಿಲ್ಲ. ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಕೊನೆವರೆಗೆ ಓದಿ.

ಯೋಜನೆಯ ಲಾಭ-ನಷ್ಟದ ಪಟ್ಟಿಯಲ್ಲಿ ಸಿಮೆಂಟಿಗೆ ಬಿಲ್ ಇದೆ, ಕೂಲಿಗೆ ಬಿಲ್ ಇದೆ, ಕರೆಂಟಿಗೆ ದರ ಇದೆ. ಹಳ್ಳದ ನೀರಿಗೆ ಯಾರೂ ಬಿಲ್ ಕೊಟ್ಟಿಲ್ಲ. ಬಿಲ್ ಇಲ್ಲದ್ದು ಪಟ್ಟಿಯಲ್ಲಿ ಸೊನ್ನೆಯಾಗಿ ಕೂತುಬಿಡುತ್ತದೆ. ತೊಂದರೆಯ ಮೂಲ ಇಷ್ಟೇ.

ಈಗ ಆ ಹತ್ತು ಗಿಡದ ವಿಷಯ. ಇದರ ಹಿಂದಿರುವ ನಂಬಿಕೆ ಎಂದರೆ ಕಾಡು ಅಂದರೆ ಮರಗಳ ಎಣಿಕೆ ಅನ್ನುವುದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹೋಗಿ ನೋಡಿ. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನ ಬೆಟ್ಟ ಅನ್ನುವ ಏರ್ಪಾಡು ಬ್ರಿಟಿಷರ ಕಾಲದಿಂದ ಇದೆ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬರುತ್ತದೆ. ದನದ ಕಾಲಡಿ ತುಳಿದು, ಸಗಣಿ ಬೆರೆತು ಗೊಬ್ಬರಗುಂಡಿಗೆ ಹೋಗುತ್ತದೆ. ಅಲ್ಲಿಂದ ಅಡಿಕೆ ಮರದ ಬುಡಕ್ಕೆ. ಬೇಸಿಗೆಯಲ್ಲಿ ದರಕು, ಅಂದರೆ ಒಣಗಿ ಉದುರಿದ ಎಲೆ, ಗುಡಿಸಿ ತರುತ್ತಾರೆ. ಬೆಟ್ಟದ ಬುಡದ ಒರತೆಯಿಂದ ತೋಟಕ್ಕೂ ಮನೆಗೂ ನೀರು. ಇದರಲ್ಲಿ ಯಾವುದಕ್ಕೂ ರಸೀದಿ ಇಲ್ಲ. ಆದರೆ ಇದಿಲ್ಲದೆ ಆ ತೋಟವೂ ಇಲ್ಲ.

ಆ ಬೆಟ್ಟ ಹೋಯಿತು ಅನ್ನಿ. ನೂರು ಕಿಲೋಮೀಟರ್ ಆಚೆ ಬೋಳು ಜಾಗದಲ್ಲಿ ಅಕೇಶಿಯಾ ನೆಟ್ಟರು. ಮರದ ಲೆಕ್ಕದಲ್ಲಿ ಹತ್ತು ಪಟ್ಟು ಜಾಸ್ತಿಯೇ ಆಯಿತು. ಈ ಮನೆಯವರಿಗೆ ಸೊಪ್ಪು ಎಲ್ಲಿಂದ ಬರಬೇಕು? ಒರತೆಗೆ ನೀರು ಯಾರು ಇಂಗಿಸಬೇಕು? ಮಂಗಟ್ಟೆ ಹಕ್ಕಿ ದೊಡ್ಡ ಮರದ ಪೊಟರೆಯಲ್ಲಿ ಮೊಟ್ಟೆ ಇಡುತ್ತದೆ. ಮೊಣಕಾಲುದ್ದದ ಸಸಿಯಲ್ಲಿ ಪೊಟರೆ ಎಲ್ಲಿದೆ? ಹತ್ತಲ್ಲ, ಸಾವಿರ ಸಸಿ ನೆಟ್ಟರೂ ಈ ವರ್ಷದ ಗೂಡಿಗೆ ಅದು ಜಾಗ ಕೊಡುವುದಿಲ್ಲ.

"ದುಡ್ಡು ಕಟ್ಟಿದ್ದಾರಲ್ಲ" ಅನ್ನುತ್ತೀರಿ. ಆ ದುಡ್ಡಿಗೆ ಎನ್‌ಪಿವಿ, ಅಂದರೆ ನಿವ್ವಳ ಪ್ರಸ್ತುತ ಮೌಲ್ಯ ಅಂತ ಹೆಸರು; ಕಾಡು ಮುಂದೆ ಕೊಡಬಹುದಾಗಿದ್ದ ಪ್ರಯೋಜನಕ್ಕೆ ಇವತ್ತು ಕಟ್ಟುವ ಬೆಲೆ. 2008ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ದರ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ. 2022ರಲ್ಲಿ ಅದನ್ನು ಸುಮಾರು 9.58 ಲಕ್ಷದಿಂದ 15.96 ಲಕ್ಷಕ್ಕೆ ಏರಿಸಿದರು. ಹೆಕ್ಟೇರು ಅಂದರೆ ಹೆಚ್ಚುಕಡಿಮೆ ಎರಡೂವರೆ ಎಕರೆ. ನಿಮ್ಮ ಊರಲ್ಲಿ 30×40 ಸೈಟಿಗೆ ಎಷ್ಟು ಹೇಳುತ್ತಾರೆ ಅಂತ ನಿಮಗೇ ಗೊತ್ತು. ಈ ದರ ನಿಂತಿರುವುದು ಕಾಡಿನ ವರ್ಗ ಮತ್ತು ದಟ್ಟಣೆಯ ಮೇಲೆ. ಆ ಕಾಡಿನ ಕೆಳಗೆ ಒಂದು ಊರಿನ ಕುಡಿಯುವ ನೀರಿದೆಯೋ ಇಲ್ಲವೋ ಅನ್ನುವುದು ದರಕ್ಕೆ ಗೊತ್ತಾಗುವುದಿಲ್ಲ.

ಹಾಗಾದರೆ ಸರಿಯಾಗಿ ಲೆಕ್ಕ ಹಾಕೋದು ಹೇಗೆ? ಕಾಡು ಈ ಜಾಗದಲ್ಲಿ ಏನು ಕೆಲಸ ಮಾಡುತ್ತಿದೆ ಅಂತ ಮೊದಲು ಕೇಳಬೇಕು. ಆಮೇಲೆ, ಅದೇ ಕೆಲಸ ನಾವು ಮಾಡಬೇಕಾದರೆ ಎಷ್ಟು ಖರ್ಚು ಅಂತ ನೋಡಬೇಕು. ನ್ಯೂಯಾರ್ಕ್ ನಗರ 1990ರ ದಶಕದಲ್ಲಿ ಮಾಡಿದ್ದು ಇದನ್ನೇ. ನೀರು ಶುದ್ಧ ಮಾಡುವ ಘಟಕ ಕಟ್ಟಲು 600 ಕೋಟಿ ಡಾಲರ್ ದಾಟುತ್ತಿತ್ತು. ನೀರು ಬರುವ ಕ್ಯಾಟ್‌ಸ್ಕಿಲ್ ಬೆಟ್ಟಗಳನ್ನು ಕಾಪಾಡಲು 150 ಕೋಟಿಯ ಆಸುಪಾಸು ಸಾಕಿತ್ತು. ಬೆಟ್ಟವನ್ನೇ ಆರಿಸಿಕೊಂಡರು. ನಮ್ಮಲ್ಲೂ ಆಗಿದೆ. 1981ರಲ್ಲಿ ಶಿರಸಿಯ ತೋಟಿಗರು ವಿಜ್ಞಾನಿಗಳನ್ನು ಕರೆದು ಕೂರಿಸಿ, ಬೇಡ್ತಿ ನದಿಯ ಜಲವಿದ್ಯುತ್ ಯೋಜನೆಯ ಲಾಭ-ನಷ್ಟವನ್ನು ಮತ್ತೆ ತೂಗಿ ನೋಡಿದರು. ಮುಳುಗುವ ತೋಟ, ಕಾಡು ಎಲ್ಲವನ್ನೂ ಎದುರಿಗಿಟ್ಟಾಗ ಲಾಭ ಉಳಿಯಲಿಲ್ಲ. ಯೋಜನೆ ನಿಂತಿತು. ತೋಟಿಗರು ಲೆಕ್ಕ ಕೇಳಿದ್ದು ಎಷ್ಟು ದೊಡ್ಡ ವಿಷಯ ಅಂತ ನನಗೆ ಈಗಲೂ ಹೆಮ್ಮೆ. ಬೇಡ್ತಿಯ ಹೆಸರು ನದಿ ಜೋಡಣೆಯ ಮಾತಿನಲ್ಲಿ ಮತ್ತೆ ಕೇಳುತ್ತಿದೆ, ಆ ಲೆಕ್ಕದ ಅಭ್ಯಾಸ ಮರೆಯಬಾರದು.

ಸಿಂಗಳೀಕದಂಥ ಜೀವಕ್ಕೆ ಮಾತ್ರ ರೂಪಾಯಿ ಕಟ್ಟಲು ಹೋಗಬೇಡಿ. "ಇದು ಹೋದರೆ ಮತ್ತೆ ಬರಲ್ಲ" ಅಂತ ಲೆಕ್ಕದ ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ಬರೆಯಿರಿ.

ನೀವು ಕೇಳದ ಒಂದು ಮಾತನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲರ ಕಣ್ಣು ತಪ್ಪುವುದು ಅಲ್ಲೇ. ಮುಂದೆ ಬರುವ ಲಾಭ-ನಷ್ಟವನ್ನು ಇವತ್ತಿನ ಬೆಲೆಗೆ ಇಳಿಸಲು ಒಂದು ಬಡ್ಡಿ ದರ ಹಿಡಿಯುತ್ತಾರೆ. ಐವತ್ತು ವರ್ಷದ ನಂತರ ಒಂದು ಲಕ್ಷ ರೂಪಾಯಿಯ ನೀರು ಬತ್ತುತ್ತದೆ ಅನ್ನಿ. ಶೇ 10ರ ದರ ಹಿಡಿದರೆ ಆ ನಷ್ಟ ಇವತ್ತಿನ ಪಟ್ಟಿಯಲ್ಲಿ ಬರೀ 852 ರೂಪಾಯಿ. ಶೇ 3 ಹಿಡಿದರೆ ಸುಮಾರು 22,800. ನೀರು ಅದೇ, ಒರತೆ ಅದೇ. ಕರೆಂಟಿನ ಲಾಭ ಮೊದಲ ವರ್ಷಗಳಲ್ಲೇ ಬರುತ್ತದೆ, ಕಾಡಿನ ನಷ್ಟ ಮೊಮ್ಮಕ್ಕಳ ಕಾಲಕ್ಕೂ ಮುಂದುವರಿಯುತ್ತದೆ. ಹಾಗಾಗಿ ದರ ಜಾಸ್ತಿ ಆದಷ್ಟೂ ಕಾಡು ಸೋಲುತ್ತದೆ. ಮುಂದಿನ ಸಲ ಯೋಜನಾ ವರದಿ ಕೈಗೆ ಸಿಕ್ಕರೆ ಗಿಡದ ಸಂಖ್ಯೆ ಆಮೇಲೆ ನೋಡಿ. ಮೊದಲು ಆ ದರ ಯಾವ ಪುಟದಲ್ಲಿದೆ ಹುಡುಕಿ, ಅದನ್ನು ಹಿಡಿದವರು ಯಾಕೆ ಹಿಡಿದರು ಅಂತ ಸಭೆಯಲ್ಲಿ ಎದ್ದು ನಿಂತು ಕೇಳಿ.