ಮೂವರು, ಆಮೇಲೆ ಮತ್ತೆ ಮೂವರು

ಕ್ಯಾನ್ಸರ್ ಔಷಧದ ಮೊದಲ ಹಂತದ ಟ್ರಯಲ್ ಎಂದರೆ ಕೆಲವರಿಗೆ ಪವಾಡ, ಕೆಲವರಿಗೆ ಬಡವರ ಮೇಲಿನ ಪ್ರಯೋಗ. ಎರಡೂ ಅಲ್ಲ. ಅಲ್ಲಿ ಕೇಳುವ ಮುಖ್ಯ ಪ್ರಶ್ನೆ, ದೇಹ ಎಷ್ಟು ಡೋಸ್ ತಾಳಿಕೊಳ್ಳುತ್ತದೆ ಎಂಬುದು. ಗಡ್ಡೆ ಕರಗಿತೇ ಎನ್ನುವುದು ಆಮೇಲಿನ ಮಾತು.

ಅನೇಕ ಕೀಮೋ ಔಷಧಗಳು ಡಿಎನ್‌ಎಯನ್ನೇ ಕೆಡಿಸುವುದರಿಂದ ಅವನ್ನು ಆರೋಗ್ಯವಂತರಿಗೆ ಕೊಡುವಂತಿಲ್ಲ. ಸಾಮಾನ್ಯವಾಗಿ ಬೇರೆ ಚಿಕಿತ್ಸೆಗಳೆಲ್ಲ ಸೋತ, ಆದರೂ ಓಡಾಡಿಕೊಂಡಿರುವ ರೋಗಿಗಳನ್ನು ಸೇರಿಸಿಕೊಳ್ಳುತ್ತಾರೆ. 10% ಇಲಿಗಳಿಗೆ ತೀವ್ರ ವಿಷವಾಗುವ ಡೋಸನ್ನು ಮೈಯ ಚದರ ಮೀಟರ್ ಲೆಕ್ಕಕ್ಕೆ ತಂದು, ಅದರ ಹತ್ತನೇ ಒಂದು ಭಾಗದಿಂದ ಶುರುಮಾಡುವುದು ರೂಢಿ.

ಮೊದಲು ಮೂವರಿಗೆ ಕೊಟ್ಟು 21 ಅಥವಾ 28 ದಿನ ಕಾಯುತ್ತಾರೆ. ಪ್ಲೇಟ್‌ಲೆಟ್ 25,000ಕ್ಕಿಂತ ಕೆಳಗಿಳಿಯುವಂಥ ಗಂಭೀರ ತೊಂದರೆ ಯಾರಿಗೂ ಬರದಿದ್ದರೆ ಡೋಸ್ ಏರುತ್ತದೆ. ಒಬ್ಬರಿಗೆ ಬಂದರೆ ಅದೇ ಡೋಸಿನಲ್ಲಿ ಇನ್ನೂ ಮೂವರು. ಆ ಮೂವರೂ ಪಾರಾದರೆ ಮೇಲಕ್ಕೆ. ಮೊದಲ ಮೂವರಲ್ಲಾಗಲಿ ಒಟ್ಟು ಆರು ಜನರಲ್ಲಾಗಲಿ ಇಬ್ಬರಿಗೆ ಬಂದರೆ ಅಲ್ಲಿಗೇ ನಿಲ್ಲಿಸಿ ಒಂದು ಮೆಟ್ಟಿಲು ಕೆಳಗಿಳಿಯುತ್ತಾರೆ.

ಇಷ್ಟು ಕಡಿಮೆ ಜನರಿಂದ ಏನು ತಿಳಿದೀತು? ಲೆಕ್ಕ ಹಾಕಿ ನೋಡೋಣ. ಹತ್ತರಲ್ಲಿ ಒಬ್ಬರಿಗೆ ಮಾತ್ರ ತೊಂದರೆ ಕೊಡುವ ಡೋಸ್ ಈ ಜರಡಿ ದಾಟುವ ಸಾಧ್ಯತೆ ಸುಮಾರು 91%. ಹತ್ತರಲ್ಲಿ ಮೂವರಿಗೆ ಕೊಡುವುದಾದರೆ 49%, ಅಂದರೆ ನಾಣ್ಯ ಚಿಮ್ಮಿದ ಹಾಗೆ. ಅರ್ಧದಷ್ಟು ಜನರನ್ನು ಮಲಗಿಸುವ ಡೋಸ್ ಕೂಡ 17% ಸಲ ನುಸುಳಿಬಿಡುತ್ತದೆ! ಅದಕ್ಕೇ ಗೆದ್ದ ಡೋಸಿನಲ್ಲಿ ಇನ್ನಷ್ಟು ರೋಗಿಗಳನ್ನು ಸೇರಿಸಿ ನೋಡುತ್ತಾರೆ. ಹಿಂದಿನ ಎಲ್ಲ ಡೋಸ್‌ಗಳ ಫಲಿತಾಂಶವನ್ನೂ ಒಟ್ಟಿಗೆ ತೂಗುವ ಹೊಸ ಗಣಿತ ಮಾದರಿಗಳೂ ಬಂದಿವೆ.

ನನಗೆ ಇದಕ್ಕಿಂತ ದೊಡ್ಡ ದೋಷವಾಗಿ ಕಾಣುವುದು ಡೋಸ್ ಹೆಚ್ಚಿದಷ್ಟೂ ಗುಣ ಹೆಚ್ಚು ಎಂಬ ನಂಬಿಕೆ. ಕೀಮೋ ಕಾಲಕ್ಕೆ ಅದು ಹೊಂದುತ್ತಿತ್ತು. ಆದರೆ 1998ರಲ್ಲಿ ಶುರುವಾದ, ಇಮ್ಯಾಟಿನಿಬ್ ಎಂಬ ರಕ್ತಕ್ಯಾನ್ಸರ್ ಮಾತ್ರೆಯ ಪರೀಕ್ಷೆಯಲ್ಲಿ 25 ಮಿಲಿಗ್ರಾಂನಿಂದ 1000ದವರೆಗೆ ಏರಿದರೂ ತಾಳಲಾರದ ಡೋಸ್ ಸಿಗಲೇ ಇಲ್ಲ. 300 ಮಿಲಿಗ್ರಾಂ ದಾಟುವಷ್ಟರಲ್ಲೇ ದೀರ್ಘಕಾಲಿಕ ರಕ್ತಕ್ಯಾನ್ಸರಿನ ಬಹುತೇಕ ರೋಗಿಗಳ ರಕ್ತಕಣಗಳ ಎಣಿಕೆ ಸರಿಹೋಗಿತ್ತು.

ಇಂಥ ಮಾತ್ರೆಗಳನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ನುಂಗಬೇಕು. ಮೊದಲ ನಾಲ್ಕು ವಾರ ಸಹಿಸಿಕೊಂಡ ಭೇದಿ ಎರಡನೇ ತಿಂಗಳಿಗೆ ರೋಗಿಯನ್ನು ಹಣ್ಣುಮಾಡುತ್ತದೆ, ಆದರೆ ಅಷ್ಟರಲ್ಲಿ ಲೆಕ್ಕ ಮುಗಿದಿರುತ್ತದೆ. ಶ್ವಾಸಕೋಶ ಕ್ಯಾನ್ಸರಿನ ಸೆರಿಟಿನಿಬ್‌ಗೆ 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಖಾಲಿ ಹೊಟ್ಟೆಯಲ್ಲಿ ದಿನಕ್ಕೆ 750 ಮಿಲಿಗ್ರಾಂಗೆ. ವಾಂತಿ, ಭೇದಿಯಿಂದಾಗಿ ಅನೇಕರಿಗೆ ಡೋಸ್ ಇಳಿಸಬೇಕಾಯಿತು. ಊಟದ ಜೊತೆ 450 ಕೊಟ್ಟರೂ ರಕ್ತದಲ್ಲಿ ಔಷಧ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಹೊಟ್ಟೆಯ ಕಾಟವೂ ಕಡಿಮೆ ಎಂದು ಆಮೇಲೆ ಗೊತ್ತಾಗಿ, 2017ರಲ್ಲಿ ಡೋಸನ್ನೇ ಬದಲಿಸಿದರು.