1971ರ ಲೆಕ್ಕಕ್ಕೆ ಹಾಕಿದ ಬೀಗ

ಜನಗಣತಿ ಅಂದರೆ ಹಳೇ ಮೈಸೂರಿನ ಹಿರಿಯರ ಬಾಯಲ್ಲಿ ಖಾನೇಸುಮಾರಿ. ಮೇಷ್ಟ್ರು ಫಾರಂ ಹಿಡಿದು ಬಾಗಿಲಿಗೆ ಬರುತ್ತಾರೆ, ಮನೆಯಲ್ಲಿ ಎಷ್ಟು ಜನ ಅಂತ ಕೇಳಿ ಬರೆದುಕೊಳ್ಳುತ್ತಾರೆ. ಇದರಲ್ಲಿ ಜಗಳ ಆಡೋಕೆ ಏನಿದೆ ಅನ್ನಿಸುತ್ತದೆ, ಅಲ್ವಾ? ಜಗಳ ಶುರುವಾಗುವುದು ಎಣಿಸಿ ಮುಗಿದ ಮೇಲೆ, ಹಂಚುವಾಗ.

ಲೋಕಸಭೆಯ ಸೀಟುಗಳನ್ನು ಜನಸಂಖ್ಯೆ ನೋಡಿ ರಾಜ್ಯಗಳಿಗೆ ಹಂಚಬೇಕು ಅನ್ನುತ್ತದೆ ಸಂವಿಧಾನ. 1971ರ ಗಣತಿವರೆಗೆ ಹಾಗೇ ನಡೆಯಿತು. ಅಷ್ಟರಲ್ಲಿ ಕುಟುಂಬ ಯೋಜನೆಯ ಪ್ರಚಾರ ಜೋರಾಗಿತ್ತು. ಮಕ್ಕಳು ಕಡಿಮೆ ಸಾಕು ಅಂದ ಸರ್ಕಾರವೇ, ಆ ಮಾತು ಕೇಳಿದ ರಾಜ್ಯದ ಸೀಟು ಕಿತ್ತುಕೊಂಡರೆ ಹೇಗೆ? 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, 42ನೇ ತಿದ್ದುಪಡಿ ತಂದು ರಾಜ್ಯಗಳ ಪಾಲಿಗೆ ಬೀಗ ಹಾಕಿದರು. 2000ದ ನಂತರದ ಮೊದಲ ಗಣತಿವರೆಗೆ 1971ರ ಲೆಕ್ಕವೇ ಲೆಕ್ಕ.

ಕೇರಳದಲ್ಲಿ ಆಗ 2.13 ಕೋಟಿ ಜನ, ಸಿಕ್ಕಿದ್ದು 20 ಸೀಟು. ರಾಜಸ್ಥಾನಕ್ಕೆ 2.58 ಕೋಟಿಗೆ 25. ಹೆಚ್ಚುಕಡಿಮೆ ಸಮ. 2011ಕ್ಕೆ ಕೇರಳ 3.34 ಕೋಟಿ, ರಾಜಸ್ಥಾನ 6.85 ಕೋಟಿ. ಸೀಟು ಮಾತ್ರ ಅವೇ 20, ಅವೇ 25. ನಮ್ಮ ವೋಟಿಗೆ ಬೆಲೆ ಕಡಿಮೆ ಅಂತ ರಾಜಸ್ಥಾನದವರು ಅಂದರೆ ಸುಮ್ನೆ ತಳ್ಳಿಹಾಕುವಂತಿಲ್ಲ. ಹೇಳಿದ ಮಾತು ಕೇಳಿದ್ದಕ್ಕೆ ಶಿಕ್ಷೆಯಾ ಅಂತ ಕೇರಳದವರು ಕೇಳಿದರೆ ಅದಕ್ಕೂ ಸುಲಭದ ಉತ್ತರ ಇಲ್ಲ. ನಮ್ಮ ಕರ್ನಾಟಕ 2.93 ಕೋಟಿಯಿಂದ 6.11 ಕೋಟಿಗೆ ಬಂದರೂ 28ರಲ್ಲೇ ನಿಂತಿದೆ.

ಬೀಗ ತೆಗೆಯುವ ವೇಳೆ ಬಂದಾಗ ವಾಜಪೇಯಿ ಸರ್ಕಾರ 84ನೇ ತಿದ್ದುಪಡಿ ತಂದು, 2026ರ ನಂತರದ ಮೊದಲ ಗಣತಿವರೆಗೆ ಅದನ್ನು ಮುಂದಕ್ಕೆ ಹಾಕಿತು. ಹತ್ತು ವರ್ಷಕ್ಕೊಂದು ಗಣತಿ ಅನ್ನುವ ಲೆಕ್ಕದಲ್ಲಿ ಅದು 2031ರದ್ದಾಗಬೇಕಿತ್ತು.

ಆದರೆ 2021ರ ಗಣತಿಯೇ ಹಳಿ ತಪ್ಪಿತು. ಅದಕ್ಕಾಗಿ 2020ರ ಏಪ್ರಿಲ್‌ನಲ್ಲಿ ಮನೆಪಟ್ಟಿ ಕೆಲಸ ಶುರುವಾಗಬೇಕಿತ್ತು. ಜೊತೆಗೇ ಜನಸಂಖ್ಯಾ ನೋಂದಣಿಯನ್ನೂ, ಅಂದರೆ ದೇಶದ ನಿವಾಸಿಗಳ ಪಟ್ಟಿ ಮಾಡುವ ಕೆಲಸವನ್ನೂ, ಸೇರಿಸಿದ್ದರಿಂದ, ಪೌರತ್ವ ಕಾಯ್ದೆಯ ಗಲಾಟೆಯಲ್ಲಿ ಅದೂ ಸಿಕ್ಕಿಕೊಂಡಿತು. ಆಮೇಲೆ ಕೋವಿಡ್. ಕೋವಿಡ್ ಹೋದರೂ ಗಣತಿ ಬರಲಿಲ್ಲ.

2025ರ ಏಪ್ರಿಲ್ 30ರಂದು, ಮುಂದಿನ ಗಣತಿಯಲ್ಲಿ ಜಾತಿಯನ್ನೂ ಎಣಿಸುತ್ತೇವೆ ಅಂತ ಕೇಂದ್ರ ಸಂಪುಟದ ರಾಜಕೀಯ ವ್ಯವಹಾರಗಳ ಸಮಿತಿ ತೀರ್ಮಾನಿಸಿತು. ಗಣತಿಯಲ್ಲಿ ಎಲ್ಲ ಜಾತಿಗಳ ಲೆಕ್ಕ ಕೊನೆಯ ಸಲ ಪ್ರಕಟವಾಗಿದ್ದು 1931ರದ್ದು; ಅದು ಬೇರೆಯದೇ ದೊಡ್ಡ ಕಥೆ. ಜೂನ್‌ನಲ್ಲಿ ಹೊರಟ ಅಧಿಸೂಚನೆ ಗಣತಿಗೆ 2027ರ ಮಾರ್ಚ್ 1 ಅಂತ ದಿನ ಗೊತ್ತು ಮಾಡಿತು. ಹಿಮ ಬೀಳುವ ಕಡೆಗಳಿಗೆ 2026ರ ಅಕ್ಟೋಬರ್ 1.

2021ರಲ್ಲೇ ಎಣಿಸಿದ್ದರೆ ಆ ಬೀಗ ಅಲುಗಾಡುತ್ತಿರಲಿಲ್ಲ. ಆರು ವರ್ಷ ತಡವಾಗಿದ್ದಕ್ಕೆ ಗಣತಿ 2026ರ ಗೆರೆ ದಾಟಿತು. 2031ಕ್ಕೆ ಸಿಗಬೇಕಿದ್ದ ಬೀಗದ ಕೈ ನಾಲ್ಕು ವರ್ಷ ಮೊದಲೇ ಕೈಗೆ ಬಂತು.